ವಾಚಾಳಿ ಪೂಜಾರಿಯ ಮೌನದ ದಾರಿ

ಒವಾಸೆ ಬಂದರಿನ ಮೀನುಪೇಟೆಯ ಹಿಂದಿನ ಓಣಿಯಲ್ಲಿ ತೊಕುಜಿ ಕ್ಷೌರದಂಗಡಿ ಇಟ್ಟಿದ್ದ ಕಾಲದಲ್ಲಿ, ಅಲ್ಲಿ ಬಂದು ಕೂರುವವರಲ್ಲಿ ಅರ್ಧ ಜನಕ್ಕೆ ಕತ್ತರಿಸುವಷ್ಟು ಕೂದಲೇ ಇರಲಿಲ್ಲ. ಅವರು ಬರುತ್ತಿದ್ದದ್ದು ಮಾತಿಗೆ. ಮೀನು ಒಣಗಿಸುವವರ ಮನೆಯಲ್ಲಿ ಹುಟ್ಟಿದರೂ ತೊಕುಜಿಗೆ ದೋಣಿ ಹತ್ತಿದರೆ ವಾಂತಿ, ಮೀನು ಸೀಳಲು ಹೋದರೆ ಬೆರಳು ಸೀಳುತ್ತಿತ್ತು. ದೇವರು ಕೈಕಾಲಿಗೆ ಕೊಡದೆ ಉಳಿಸಿದ್ದನ್ನೆಲ್ಲ ನಾಲಿಗೆಗೆ ಸುರಿದುಬಿಟ್ಟಿದ್ದ. ದಿನಕ್ಕೊಂದು ಹೊಸ ಕಥೆ ಹೇಳುತ್ತಿದ್ದ. ಕಥೆಯ ಕೊನೆಯಲ್ಲಿ ಮಣ್ಣು ಮುಕ್ಕುವವನು ಮಾತ್ರ ಯಾವಾಗಲೂ ತೊಕುಜಿಯೇ. ಬೇರೆಯವರ ಮಾನ ತೆಗೆದರೆ ಗಿರಾಕಿ ಹೋಗುತ್ತಾನೆ, ನಮ್ಮ ಮಾನವನ್ನೇ ತೆಗೆದುಕೊಂಡರೆ ಇನ್ನೊಬ್ಬನನ್ನೂ ಕರೆದುಕೊಂಡು ಬರುತ್ತಾನೆ ಎಂಬುದು ಅವನು ಕಂಡುಕೊಂಡ ವ್ಯಾಪಾರದ ಗುಟ್ಟು.

ಆ ಅಂಗಡಿಯಲ್ಲಿ ಅವನ ಮಾತು ಸೋತದ್ದು ಒಬ್ಬ ಗಿರಾಕಿಯ ಮುಂದೆ ಮಾತ್ರ. ಬೆಟ್ಟದ ಮೇಲಿನ ಹಿನೊಕುಬೊ ಹಳ್ಳಿಯ ಪೂಜಾರಿ ಮೊರಿಜೊ ಹಬ್ಬಕ್ಕೆ ಮುಂಚೆ ಮುಖಕ್ಷೌರಕ್ಕೆಂದು ಬಸ್ಸಿಳಿದು ಬರುತ್ತಿದ್ದರು. ಕುರ್ಚಿಯ ಮೇಲೆ ಕೂತರೆ ಕೂತರು. ತೊಕುಜಿ ಏನೇ ಹೇಳಲಿ, ಅವರದು ಒಂದೇ ಮಾತು, ‘ಹೂಂ’. ಅದೂ ಬಿಸಿ ಟವೆಲಿನ ಅಡಿಯಿಂದ. ಒಂದು ಸಲ ಅವರ ಜೊತೆ ಮಗಳು ಇತ್ಸುಯೊ ಬಂದು ಬೆಂಚಿನ ಮೇಲೆ ಕೂತಿದ್ದಳು. ಈ ಸಲ ಮುದುಕನನ್ನು ನಗಿಸಿಯೇ ತೀರುತ್ತೇನೆಂದು ತೊಕುಜಿ ತನ್ನ ಬಳಿಯಿದ್ದ ಬ್ರಹ್ಮಾಸ್ತ್ರವನ್ನೇ ತೆಗೆದ: ಕೆಲಸ ಕಲಿಯುವಾಗ ಮದುಮಗನೊಬ್ಬನ ಒಂದು ಹುಬ್ಬನ್ನು ತಪ್ಪಿ ಬೋಳಿಸಿದ್ದು, ಸಮ ಕಾಣಲೆಂದು ಇನ್ನೊಂದನ್ನೂ ಬೋಳಿಸಿದ್ದು, ಮದುಮಗಳು ಅವನನ್ನು ಗುರುತು ಹಿಡಿಯದೆ ಪಕ್ಕದವನಿಗೆ ನಮಸ್ಕರಿಸಿದ್ದು. ಮೊರಿಜೊ ಕಲ್ಲಿನ ಹಾಗಿದ್ದರು. ಬೆಂಚಿನ ಕಡೆಯಿಂದ ಮಾತ್ರ ಕುದುರೆ ಕೆನೆದಂಥ ಸದ್ದು ಬಂತು. ತೊಕುಜಿ ಕನ್ನಡಿಯಲ್ಲಿ ನೋಡಿದ. ಹುಡುಗಿ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕಣ್ಣೀರು ಸುರಿಸುತ್ತಿದ್ದಳು. ನೋಡುತ್ತ ನಿಂತವನ ಕೈ ಜಾರಿ ಮೊರಿಜೊ ಅವರ ಗಲ್ಲದ ಮೇಲೆ ಸಣ್ಣ ಗಾಯವಾಯಿತು. ಆಗ ಅವರು ಆ ಅಂಗಡಿಯಲ್ಲಿ ಮೊದಲ ಸಲ ಪೂರ್ತಿ ವಾಕ್ಯ ಆಡಿದರು.

“ಕನ್ನಡಿ ಆಮೇಲೆ ನೋಡ್ಕೊ.”

ಮದುವೆಯ ಮಾತು ಬಂದಾಗ ಒಂದು ಷರತ್ತೂ ಬಂತು. ಮೊರಿಜೊಗೆ ಇವಳೊಬ್ಬಳೇ ಮಗಳು. ಅಳಿಯ ಮನೆಅಳಿಯನಾಗಿ ಬರಬೇಕು, ಮನೆತನದ ಹೆಸರು ಇಟ್ಟುಕೊಳ್ಳಬೇಕು, ತಲೆತಲಾಂತರದಿಂದ ನಡೆದುಬಂದ ಕಾಡಿನ ದೇವರ ಪೂಜೆಯನ್ನು ವಹಿಸಿಕೊಳ್ಳಬೇಕು. ತೊಕುಜಿಯ ತಾಯಿ ಹಣೆ ಚಚ್ಚಿಕೊಂಡಳು. ಮೂರು ಹಿಡಿ ತೌಡಿದ್ದರೂ ಮನೆಅಳಿಯನಾಗಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂದಳು. ತನ್ನ ಹತ್ತಿರ ಮೂರು ಹಿಡಿ ತೌಡೂ ಇಲ್ಲವಲ್ಲ, ಅಲ್ಲಿಗೆ ಅಡ್ಡಿಯಿಲ್ಲ ಎಂದ ತೊಕುಜಿ. ವರ್ಷಕ್ಕೊಂದು ದೊಡ್ಡ ಹಬ್ಬ, ಉಳಿದಂತೆ ತಿಂಗಳಿಗೊಮ್ಮೆ ಕಸ ಗುಡಿಸುವುದು, ಇಷ್ಟಕ್ಕೆ ಇತ್ಸುಯೊ ಸಿಗುವುದಾದರೆ ದೇವರನ್ನು ವರದಕ್ಷಿಣೆಯೆಂದು ತಿಳಿದು ತೆಗೆದುಕೊಳ್ಳೋಣ ಎಂಬುದು ಅವನ ಲೆಕ್ಕ. ಪೂಜಾರಿಕೆಯ ತರಬೇತಿಯನ್ನೂ ಹೇಗೋ ಮುಗಿಸಿದ. ಕ್ಷೌರದ ಕುರ್ಚಿಯನ್ನು ಬಾಡಿಗೆ ಲಾರಿಯಲ್ಲಿ ಹೇರಿಕೊಂಡು ಬೆಟ್ಟ ಹತ್ತಿ ಮಾವನ ಮನೆಯ ಮುಂಗೋಣೆಯಲ್ಲಿ ಇಟ್ಟ. ಅಂದಿನಿಂದ ಹಿನೊಕುಬೊ ಜನಕ್ಕೆ ಕ್ಷೌರಕ್ಕೂ ಪೂಜೆಗೂ ಒಂದೇ ಬಾಗಿಲಾಯಿತು.

ಹಬ್ಬದ ನಿಯಮವನ್ನು ಮಾವ ಹೇಳಿದ್ದು ಹಬ್ಬದ ಹಿಂದಿನ ದಿನ, ಚಹಾದಲ್ಲಿ ಬೇಯಿಸಿದ ಗಂಜಿ ಉಣ್ಣುತ್ತಿದ್ದಾಗ. ಊರವರು ಮೊರಿ-ಸಾಮಾ ಎಂದು ಕರೆಯುವ ಈ ಕಾಡಿನ ದೇವರಿಗೆ ಗುಡಿಯಿಲ್ಲ. ಕಾಡಿನ ನಡುವೆ ಒಂದು ದೊಡ್ಡ ಬಂಡೆ, ಅದಕ್ಕೆ ಒರಗಿದ ಹಳೆಯ ದೇವದಾರು ಮರ, ಮರಕ್ಕೆ ಸುತ್ತಿದ ಹುಲ್ಲಿನ ಹಗ್ಗ, ಸುತ್ತಲೂ ಹೊಳೆಯಿಂದ ಹೊತ್ತು ತಂದು ಹಾಸಿದ ಬಿಳಿ ಕಲ್ಲು. ಹಬ್ಬದ ದಿನ ಊರವರು ಬಳಸುದಾರಿಯಲ್ಲಿ ಮೊದಲೇ ಹೋಗಿ ಮೇಲೆ ಕಾಯುತ್ತಾರೆ. ಪೂಜಾರಿ ಕೆಳಗಿನ ಹೊಳೆಯಲ್ಲಿ ಮುಳುಗಿ ಮಡಿಯಾಗಿ, ನೈವೇದ್ಯ ಹೊತ್ತು, ಕಾಡಿನೊಳಗಿನ ಹಳೆಯ ಮೆಟ್ಟಿಲುದಾರಿಯಲ್ಲಿ ಒಬ್ಬನೇ ಹತ್ತಬೇಕು. ಹೊಳೆಯಿಂದ ಮೇಲೆ ದೇವರ ಜಾಗದ ಬಾಗಿಲಲ್ಲಿರುವ ತೋರಣಗಂಬದವರೆಗೆ ಒಂದು ಮಾತೂ ಆಡಬಾರದು. ಆಡಿದರೆ ತಿರುಗಿ ಹೊಳೆಗೆ ಇಳಿದು, ಮುಳುಗಿ, ಮೊದಲಿನಿಂದ ಹತ್ತಬೇಕು. ಇಷ್ಟು ಹೇಳಿ ಮೊರಿಜೊ ಬಟ್ಟಲಲ್ಲಿ ಮುಖ ಹುದುಗಿಸಿದರು. ಅಷ್ಟೇ ತಾನೇ ಎಂದು ತೊಕುಜಿ ನಕ್ಕ. ಇತ್ಸುಯೊ ನಗಲಿಲ್ಲ.

ಮೊದಲ ವರ್ಷ ಅವನು ಬೆಳ್ಳನೆಯ ಉಡುಪು ತೊಟ್ಟು ಅರ್ಧ ಕಾಡು ದಾಟಿದ್ದ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ‘ಅಯ್ಯಮ್ಮಾ’ ಎಂದುಬಿಟ್ಟ. ಸುತ್ತ ನೋಡಿದ. ಮರಗಳ ಹೊರತು ಯಾರೂ ಇರಲಿಲ್ಲ. ಅಮ್ಮನನ್ನು ಕರೆಯುವುದು ಮಾತಲ್ಲ, ಉಸಿರು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಮೇಲೆ ಹೋಗಿ ಪೂಜೆ ಮುಗಿಸಿದ. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊಟಕ್ಕೆ ಕೂತಾಗ ನಾಲಿಗೆ ತುರಿಸತೊಡಗಿತು. ತನ್ನ ಮೇಲಿನ ಇಂಥ ಒಳ್ಳೆಯ ಹಾಸ್ಯವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವನಿಂದ ಆಗದ ಮಾತು. ಹೇಗೆ ಜಾರಿದೆ, ಹೇಗೆ ಕೂಗಿದೆ, ಹೇಗೆ ಕಳ್ಳಬೆಕ್ಕಿನ ಹಾಗೆ ಸುತ್ತ ನೋಡಿದೆ ಎಂದು ಎದ್ದು ನಿಂತು ಅಭಿನಯಿಸಿ ತೋರಿಸಿದ. ಯಾರೂ ನಗಲಿಲ್ಲ. ಊರಿಗೆಲ್ಲ ಹಬ್ಬದ ಅನ್ನದುಂಡೆ ಕಟ್ಟುವ ಕಿಕುನೊ ಅಜ್ಜಿ ಬಾಯಿಗೆ ಇಟ್ಟ ಉಂಡೆಯನ್ನು ಹಾಗೇ ಹಿಡಿದು ಕೂತಳು. ಮೊರಿಜೊ ಎದ್ದರು. ಬಂಡೆಯ ಮುಂದಿಟ್ಟ ಅಕ್ಕಿಯ ಮದ್ಯ, ಉಪ್ಪು, ಮೀನು ಎಲ್ಲವನ್ನೂ ಒಂದೊಂದಾಗಿ ಬುಟ್ಟಿಗೆ ತುಂಬಿ ಅಳಿಯನ ಕೈಗೆ ಕೊಟ್ಟು ಹೊಳೆಯ ಕಡೆ ಕಣ್ಣು ತೋರಿಸಿದರು.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಇನ್ನೊಬ್ಬರ ಬಗ್ಗೆ ಹೇಳಿದ್ದು ಎಂದು ತೊಕುಜಿ ಅಲ್ಲಿಯವರೆಗೆ ನಂಬಿದ್ದ.

ಮರುವರ್ಷ ಅವನು ಕಾಲಿಗೆ ಹೊಸ ಹುಲ್ಲಿನ ಚಪ್ಪಲಿ ಕಟ್ಟಿದ. ಜಾರಲಿಲ್ಲ, ಸೀನು ಬಂತು. ಸೀನಿದ. ಸೀನು ಮಾತೋ ಅಲ್ಲವೋ ಎಂದು ಮೇಲೆ ದೊಡ್ಡ ಚರ್ಚೆ ನಡೆದು, ಅಲ್ಲ ಎಂದು ಮೊರಿಜೊ ತೀರ್ಮಾನಿಸುವಷ್ಟರಲ್ಲಿ, ಸೀನಿದ ಮೇಲೆ ದೇವರಿಗೆ ‘ಕ್ಷಮಿಸಿ’ ಎಂದೂ ಹೇಳಿದ್ದೆನೆಂದು ತೊಕುಜಿಯೇ ಸೇರಿಸಿದ. ಮತ್ತೆ ಹೊಳೆ. ಅದರ ಮುಂದಿನ ವರ್ಷ ದಾರಿಯ ತಿರುವಿನಲ್ಲಿ ದೊಡ್ಡ ಮಂಗವೊಂದು ಎದುರಾಯಿತು. ಕಲ್ಲಿನ ಮೇಲೆ ಥೇಟು ಮನುಷ್ಯರ ಹಾಗೆ ಕಾಲು ಇಳಿಬಿಟ್ಟು ಕೂತಿತ್ತು, ತಲೆಯ ಕೂದಲು ಬೇರೆ ಕೆದರಿತ್ತು. ಇಷ್ಟು ವರ್ಷದ ಅಭ್ಯಾಸಬಲ, ‘ಬನ್ನಿ ಬನ್ನಿ, ಹಿಂದಕ್ಕೊರಗಿ’ ಎಂದುಬಿಟ್ಟ. ಮತ್ತೊಂದು ವರ್ಷ ಇತ್ಸುಯೊ ಉಪಾಯ ಮಾಡಿ ಅವನ ಬಾಯಲ್ಲಿ ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ ಇಟ್ಟು ಕಳಿಸಿದಳು. ಅದರ ಬೀಜ ಗಂಟಲಿಗೆ ಸಿಕ್ಕು ಕೆಮ್ಮಿ ಕೆಮ್ಮಿ ಹೊರಗೆ ಬಿದ್ದಾಗ, ಆ ಬೀಜದ ವಂಶಕ್ಕೆಲ್ಲ ಸೇರಿಸಿ ಅವನು ಬೈದದ್ದು ಮೇಲೆ ಕಾಯುತ್ತಿದ್ದವರಿಗೂ ಕೇಳಿಸಿತು.

ಊರಿನವರು ಬರಬರುತ್ತ ಇದಕ್ಕೆ ಹೊಂದಿಕೊಂಡರು. ಕಾಯುವಾಗ ಕೂರಲು ಚಾಪೆ ತಂದರು, ಹೊತ್ತು ಕಳೆಯಲು ಇಸ್ಪೀಟು ತಂದರು. ಕಿಕುನೊ ಅಜ್ಜಿ ಉಪ್ಪು ಹಾಕಿಟ್ಟ ಸಾಸಿವೆ ಎಲೆಯಲ್ಲಿ ಸುತ್ತಿದ ಅನ್ನದುಂಡೆಗಳನ್ನು ಎರಡು ಹೊತ್ತಿಗಾಗುವಷ್ಟು ಕಟ್ಟುತ್ತಿದ್ದಳು. ಒಮ್ಮೊಮ್ಮೆ ಅದೃಷ್ಟ ನೆಟ್ಟಗಿದ್ದು ತೊಕುಜಿ ಒಂದೇ ಸಲಕ್ಕೆ ಮೇಲೆ ತಲುಪುತ್ತಿದ್ದದ್ದೂ ಉಂಟು. ಆಗ ಅಜ್ಜಿಗೆ ಸಿಟ್ಟು.

“ಏನು ಪೂಜಾರಪ್ಪಾ, ಹುಷಾರಿಲ್ವಾ? ಈಗ ಇಷ್ಟೊಂದು ಅನ್ನ ಯಾರು ತಿನ್ನೋದು?”

ಇದನ್ನೆಲ್ಲ ತೊಕುಜಿ ಕ್ಷೌರದ ಕುರ್ಚಿಯ ಹಿಂದೆ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ. ದೇವರು ತನ್ನ ಬಾಯಿಗೆ ಬೀಗ ಹಾಕಲು ಹೋಗಿ ಬೀಗದ ಕೈ ಕಳೆದುಕೊಂಡನೆಂದು ಹೇಳಿ ನಗಿಸುತ್ತಿದ್ದ. ಆದರೆ ಗೋಡೆಯ ಆಚೆ ಕೂತ ಮಾವ ಕೇಳಿಸಿಕೊಂಡರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅದೊಂದು ಅವನಿಗೆ ಮುಳ್ಳು. ತಿಂಗಳಿಗೊಮ್ಮೆ ಮಾವನ ತಲೆಗೂದಲು ಕತ್ತರಿಸುವಾಗ ಅವನು ಇಲ್ಲದ ಮಾತನ್ನೆಲ್ಲ ಆಡಿ ನೋಡುತ್ತಿದ್ದ. ಆ ಕಡೆಯಿಂದ ಬರುತ್ತಿದ್ದದ್ದು ಅದೇ ‘ಹೂಂ’. ಇವರಿಗೆ ತಾನು ತಕ್ಕ ಅಳಿಯನಲ್ಲ, ತಕ್ಕ ಪೂಜಾರಿ ಮೊದಲೇ ಅಲ್ಲ, ಹೇಳುವ ಮನಸ್ಸಿಲ್ಲದೆ ನುಂಗಿಕೊಂಡಿದ್ದಾರೆ ಎಂದು ತೊಕುಜಿ ಒಳಗೊಳಗೇ ಖಾತ್ರಿ ಮಾಡಿಕೊಂಡಿದ್ದ. ಹೀಗೇ ಕಾಲ ಹೋಯಿತು. ಮೊರಿಜೊ ಅವರ ಮಂಡಿ ಸೋತಿತು. ಕೆಲವು ವರ್ಷ ಹಬ್ಬದ ದಿನ ಮನೆಯಲ್ಲೇ ಒಲೆಯ ಮುಂದೆ ಉಳಿದರು.

ಒಂದು ಶರತ್ಕಾಲ ಇದ್ದಕ್ಕಿದ್ದಂತೆ ತಾವೂ ಬರುವುದಾಗಿ ಹೇಳಿದರು. ಬಳಸುದಾರಿಯಲ್ಲಿ ಊರ ಹುಡುಗರು ಹೊತ್ತುಕೊಂಡು ಬರುತ್ತಾರೆ ಎಂದಳು ಇತ್ಸುಯೊ. ಅವರು ತಲೆಯಾಡಿಸಿ ಬೇಡವೆಂದರು. ಹಳೆಯ ಮೆಟ್ಟಿಲುದಾರಿಯಲ್ಲೇ ಬರುತ್ತೇನೆ, ಅಳಿಯನೇ ಹೊರಲಿ ಎಂದರು. ಪೂಜಾರಿ ಏನು ಹೊತ್ತು ತರಬೇಕೆಂದು ನಿಯಮವಿದೆಯೇ ಹೊರತು ಏನು ಹೊರಬಾರದೆಂದು ಇಲ್ಲ ಎಂಬುದು ಅವರ ವಾದ. ಹಾಗಾಗಿ ಆ ವರ್ಷ ನೈವೇದ್ಯದ ಬುಟ್ಟಿ ತೊಕುಜಿಯ ಎದೆಯ ಮೇಲೆ ತೂಗಿತು, ಸೌದೆ ಹೊರುವ ಮರದ ಚೌಕಟ್ಟಿನಲ್ಲಿ ಕೂತ ಮಾವ ಬೆನ್ನ ಮೇಲೆ. ಹೊಳೆಯಲ್ಲಿ ಮುಳುಗಿ ಎದ್ದ ಒದ್ದೆ ತಲೆಯಲ್ಲಿ ಅವನು ಮೊದಲ ಮೆಟ್ಟಿಲು ಹತ್ತಿದ.

ಮರಗಳ ಒಳಗೆ ಬಂದಿದ್ದರಷ್ಟೇ. ಕಿವಿಯ ಹಿಂದೆ ಒಂದು ದನಿ ಕೇಳಿಸಿತು.

“ಇಡೀ ಭೂಮಿ ಮೇಲೆ ನಿನ್ನ ಬಾಯಿ ಮುಚ್ಚಿರೋ ಜಾಗ ಅಂದ್ರೆ ಇದೊಂದೇ. ಅದಕ್ಕೇ ಬಂದೆ.”

ತೊಕುಜಿ ಎಡವಿದ. ಸಾವರಿಸಿಕೊಂಡ. ಈಗ ತಾವು ಪೂಜಾರಿಯಲ್ಲ, ನಿಯಮ ತಮಗೆ ಅನ್ವಯಿಸುವುದಿಲ್ಲ, ಹೊರುವವನಿಗಷ್ಟೇ ಎಂದು ಹೇಳಿ ಮೊರಿಜೊ ಮಾತು ಮುಂದುವರಿಸಿದರು. ಆಮೇಲೆ ಅದು ನಿಲ್ಲಲೇ ಇಲ್ಲ. ಮಳೆಗಾಲದಲ್ಲಿ ಕಟ್ಟೆ ಒಡೆದ ಕೆರೆಯ ಹಾಗೆ ಅವರು ಮಾತನಾಡಿದರು. ಈ ಮರಕ್ಕೆ ಸಿಡಿಲು ಬಡಿದದ್ದು ತಾವು ಮಗುವಾಗಿದ್ದಾಗ, ಆ ಕಲ್ಲಿನ ಮೇಲೆ ಅಪ್ಪ ತಮಗೆ ಬಿನ್ನಹ ಓದಲು ಕಲಿಸಿ ಕಪಾಳಕ್ಕೆ ಬಾರಿಸಿದ್ದು. ಮಂಗಕ್ಕೆ ‘ಹಿಂದಕ್ಕೊರಗಿ’ ಎಂದ ಕಥೆಯನ್ನು ಕೇಳಿದ ದಿನ ತಾವು ಮನೆಗೆ ಬಂದು ಸೌದೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಪಕ್ಕೆ ಹಿಡಿದುಕೊಳ್ಳುವಷ್ಟು ನಕ್ಕದ್ದು. ಪೂಜಾರಿಯಾಗಿದ್ದವನು ನೈವೇದ್ಯ ಕೆಟ್ಟದ್ದಕ್ಕೆ ಎಲ್ಲರೆದುರು ನಗುವಂತಿಲ್ಲವಲ್ಲ. ಆಮೇಲೂ ಗೋಡೆಗೆ ಕಿವಿಯಿಟ್ಟು ಆ ಕಥೆಯನ್ನು ಅದೆಷ್ಟೋ ಸಲ ಕೇಳಿದ್ದರಂತೆ. ಒಂದೊಂದು ಗಿರಾಕಿಗೆ ಒಂದೊಂದು ಥರ ಹೇಳುತ್ತೀಯ, ಮಂಗ ವರ್ಷವರ್ಷ ದೊಡ್ಡದಾಗುತ್ತಿದೆ ಎಂದೂ ಹೇಳಿದರು.

ತೊಕುಜಿಯ ಬಾಯಿಯೊಳಗೆ ಉತ್ತರಗಳು ಒಂದರ ಮೇಲೊಂದು ಹತ್ತಿ ಕೂತವು. ಹಲ್ಲು ಕಚ್ಚಿ ನಡೆದ.

ದಾರಿ ಕಡಿದಾಗುವಲ್ಲಿ ಮೊರಿಜೊ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಎಂದೋ ತೀರಿಹೋಗಿದ್ದ ಇತ್ಸುಯೊಳ ತಾಯಿಯ ಸುದ್ದಿ ತೆಗೆದರು. ಮನೆಯಲ್ಲಿ ಆ ಹೆಸರನ್ನು ಅವರು ಎತ್ತಿದ್ದನ್ನು ತೊಕುಜಿ ಎಂದೂ ಕೇಳಿರಲಿಲ್ಲ. ಅವಳು ಕಸ ಗುಡಿಸಲು ಈ ದಾರಿಯಲ್ಲಿ ಬರುವಾಗ ಹಾಡಿಕೊಂಡು ಬರುತ್ತಿದ್ದಳಂತೆ. ಎಂಥ ಹಾಡು, ಬತ್ತ ಕುಟ್ಟುವ ಹಾಡು, ಅದೂ ಸ್ವರ ತಪ್ಪಿ. ಒಂದು ದಿನ ತಾವು, ದೇವರ ದಾರಿಯಲ್ಲಿ ಇದೆಂಥ ಗಲಾಟೆ ಎಂದು ಗದರಿದರಂತೆ. ಅವಳು ನಿಲ್ಲಿಸಿದಳು. ಆಮೇಲೆ ಹಾಡಲಿಲ್ಲ, ದಾರಿಯಲ್ಲೂ ಹಾಡಲಿಲ್ಲ, ಮನೆಯಲ್ಲೂ ಇಲ್ಲ.

“ನೀನು ಬಂದ್ಮೇಲೆ ಮನೇಲಿ ಮತ್ತೆ ಸದ್ದಾಯ್ತು. ಬೈಯೋಕೆ ಬಾಯಿ ಬರ್ಲಿಲ್ಲ ನಂಗೆ.”

ಆ ಮಾತಿಗೆ ತೊಕುಜಿಗೆ ತಿರುಗಿ ಏನಾದರೂ ಹೇಳಬೇಕೆನಿಸಿತು, ಏನೆಂದು ಮಾತ್ರ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹೇಳಲು ಮಾತಿಲ್ಲದೆ ಸುಮ್ಮನಿದ್ದ. ನಿಯಮವೂ ಉಳಿಯಿತು, ಮಾನವೂ ಉಳಿಯಿತು ಎಂದುಕೊಂಡು ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ಹಾಗೇ ಹತ್ತಿದ. ಮರಗಳ ಸಂದಿಯಲ್ಲಿ ತೋರಣಗಂಬ ಕಾಣಿಸಿತು. ಅದರಾಚೆ ಚಾಪೆಯ ಮೇಲೆ ಕೂತವರ ತಲೆಗಳೂ ಕಾಣಿಸಿದವು. ಮೊರಿಜೊ ಕೆಮ್ಮಿದರು.

“ಇನ್ನೊಂದು ಮಾತು ಹೇಳಿಬಿಡ್ತೀನಿ. ಇಷ್ಟು ವರ್ಷ ಕೂದಲು ಕತ್ತರಿಸ್ತಿದ್ದೀಯ, ಎಲ್ಲ ಸರಿ. ಆದ್ರೆ ಬಲಗಿವಿ ಹತ್ರ ಒಂದು ಸಲಾನೂ ಸಮ ಮಾಡ್ಲಿಲ್ಲ. ಎಡಕ್ಕಿಂತ ಉದ್ದ.”

“ಕೂದಲು ಸಮ ಇದೆ ಮಾವ, ನಿಮ್ಮ ಕಿವೀನೇ ಸೊಟ್ಟ!”

ಹೇಳಿ ಮುಗಿಯುವವರೆಗೂ ಅವನಿಗೆ ತಾನು ಹೇಳುತ್ತಿರುವುದು ಗೊತ್ತೇ ಆಗಲಿಲ್ಲ. ಮೇಲೆ ಇಸ್ಪೀಟಾಡುತ್ತಿದ್ದ ಕೈಗಳು ನಿಂತವು. ಕಿಕುನೊ ಅಜ್ಜಿ ಎರಡನೆಯ ಬುಟ್ಟಿಯ ಬಟ್ಟೆ ಬಿಚ್ಚತೊಡಗಿದ್ದು ಸ್ಪಷ್ಟವಾಗಿ ಕಾಣಿಸಿತು.

“ಹೂಂ,” ಎಂದರು ಮೊರಿಜೊ. “ಇಳಿಸು ನನ್ನ. ಹೋಗಿ ಮುಳುಗಿ ಬಾ.”

ಮಾವನನ್ನು ಒಂದು ಮರದ ಬೇರಿನ ಮೇಲೆ ಕೂರಿಸಿ, ತನ್ನ ಮೇಲುಡುಪು ಹೊದಿಸಿ, ಬುಟ್ಟಿ ಹೊತ್ತು ತೊಕುಜಿ ಇಳಿದ. ದಾರಿಯುದ್ದಕ್ಕೂ ತನ್ನನ್ನು ತಾನೇ ಉಗಿದುಕೊಂಡ. ಇಳಿಯುವಾಗ ಮಾತಾಡಲು ಅಡ್ಡಿಯಿರಲಿಲ್ಲ. ಸತ್ತ ಅತ್ತೆಯ ಹಾಡಿನ ಮುಂದೆ ಬಾಯಿ ಬರದ ನೀನು ಕತ್ತರಿಯ ಮಾನಕ್ಕೆ ಬಾಯಿ ತೆರೆದೆಯಲ್ಲೋ ಮೂರ್ಖ ಎಂದು ಗಟ್ಟಿಯಾಗಿಯೇ ಕೇಳಿಕೊಂಡ. ಮುದುಕನನ್ನು ಕಾಡಿನಲ್ಲಿ ಕೂರಿಸಿ ಬಂದೆ, ಮಂಗ ಬಂದರೇನು ಗತಿ ಎಂದು ಹೆದರಿದ. ಹೊಳೆಯ ನೀರು ಬೆಳಿಗ್ಗೆಗಿಂತ ತಣ್ಣಗಿತ್ತು. ಮುಳುಗಿ ಎದ್ದಾಗ ನಗು ಬಂತು, ನಗು ಅಳುವಾಯಿತು, ಅಳು ನಡುಕವಾಯಿತು. ಬೇಗ ಬೇಗ ಹತ್ತಿದ.

ಮೊರಿಜೊ ಇದ್ದಲ್ಲೇ ಇದ್ದರು. ಬೆನ್ನಿಗೆ ಏರಿಸಿಕೊಳ್ಳುತ್ತಿದ್ದ ಹಾಗೇ, ಬಿಟ್ಟಲ್ಲಿಂದ ಹಿಡಿದವರಂತೆ, ಕಿವಿ ಸೊಟ್ಟವೆಂಬುದು ನಿಜ ಎಂದರು. ಹುಡುಗನಾಗಿದ್ದಾಗ ಪರ್ಸಿಮನ್ ಹಣ್ಣಿನ ಮರದಿಂದ ಬಿದ್ದು ಹರಿದ ಕಿವಿಯನ್ನು ಅಜ್ಜಿ ಹೊಲಿದಿದ್ದಳು. ಅವಳಿಗೆ ಕಣ್ಣು ಮಂಜಾಗಿತ್ತು. ಇದು ಗೊತ್ತಿದ್ದೂ ಯಾಕೆ ಕೆಣಕಿದಿರಿ ಎಂದು ಕೇಳಲು ತೊಕುಜಿಯ ನಾಲಿಗೆ ತುದಿಗೆ ಬಂತು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಓಡಿಯೇಬಿಟ್ಟ. ತೋರಣಗಂಬ ದಾಟಿದಾಗ ಬೆನ್ನ ಮೇಲಿನ ಮುದುಕ ಗಹಗಹಿಸಿ ನಗುತ್ತಿದ್ದರು. ಅವರ ಬಾಯಲ್ಲಿ ಮುಂದಿನ ಹಲ್ಲೊಂದು ಇಲ್ಲವೆಂಬುದು ಊರವರಿಗೆ ಅಂದೇ ತಿಳಿದದ್ದು.

ಬಂಡೆಯ ಮುಂದೆ ನಿಂತು ತೊಕುಜಿ ಬಿನ್ನಹ ಓದಿದ. ಚಳಿಗೆ ಹಲ್ಲು ಕಟಕಟಿಸಿ ಪ್ರತಿ ಅಕ್ಷರವೂ ನಡುಗಿತು. ಈ ವರ್ಷ ಭಕ್ತಿ ಉಕ್ಕಿ ಬಂತು ನೋಡಿ ಎಂದು ಜನ ಮೆಚ್ಚಿಕೊಂಡರು. ಊಟಕ್ಕೆ ಕೂತಾಗ ಎಲ್ಲರೂ ಅವನ ಮುಖ ನೋಡಿದರು. ಅವನು ಎದ್ದು ನಿಂತು ಕಿವಿಯ ಕಥೆಯನ್ನು ಪೂರ್ತಿ ಅಭಿನಯಿಸಿ ತೋರಿಸಿದ. ಅನ್ನ ನೆತ್ತಿಗೇರುವಷ್ಟು ನಕ್ಕರು. ಅದಕ್ಕಿಂತ ಮುಂಚೆ ಬೆನ್ನ ಮೇಲಿಂದ ಕೇಳಿದ್ದನ್ನು ಮಾತ್ರ ಹೇಳಲಿಲ್ಲ. ಹೇಳದೆ ಉಳಿಸಿಕೊಂಡ ಕಥೆ ಅವನ ಹತ್ತಿರ ಅದೊಂದೇ. ಇತ್ಸುಯೊಗೆ ಹೇಳಿದ, ಒಂದೇ ಸಲ, ಮರುದಿನ ಬೆಳಿಗ್ಗೆ ಚಹಾ ಗಂಜಿ ಬಡಿಸುವಾಗ. ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದು, ಅಮ್ಮನಿಗೆ ಸ್ವರ ತಪ್ಪುತ್ತಿದ್ದದ್ದು ನಿಜ ಎಂದಳು.

ಮನೆಗೆ ಬಂದ ಮೇಲೆ ಮೊರಿಜೊ ಮತ್ತೆ ‘ಹೂಂ’ಗೆ ಮರಳಿದರು. ಆದರೆ ಪ್ರತಿ ಶರತ್ಕಾಲ ಚೌಕಟ್ಟಿನ ಹಗ್ಗ ಸರಿಯಿದೆಯೇ ಎಂದು ತಾವೇ ಎಳೆದು ನೋಡುತ್ತಿದ್ದರು. ಬದುಕಿದ್ದಷ್ಟು ವರ್ಷವೂ ಅಳಿಯನ ಬೆನ್ನೇರಿ ಹೋದರು, ಹೊಳೆಯಿಂದ ತೋರಣಗಂಬದವರೆಗೆ ಮಾತಾಡಿದರು. ಹೆಚ್ಚುಕಡಿಮೆ ಪ್ರತಿ ವರ್ಷವೂ ತೊಕುಜಿ ಎರಡು ಸಲ ಮುಳುಗಿದ.

ಈಗ ಅವನು ಒಬ್ಬನೇ ಹತ್ತುತ್ತಾನೆ. ಕಳೆದ ಹಬ್ಬದ ದಿನ ಪಟ್ಟಣದಿಂದ ಬೆಟ್ಟ ಹತ್ತಲು ಬಂದ ಗಂಡಹೆಂಡಿರಿಬ್ಬರು ಮಂಜಿನಲ್ಲಿ ದಾರಿ ತಪ್ಪಿ ಮೆಟ್ಟಿಲುದಾರಿಗೆ ಬಂದುಬಿಟ್ಟಿದ್ದರು. ದೇವದಾರುಗಳ ನಡುವೆ ಬಿಳಿಯುಡುಪಿನ ಮುದುಕನೊಬ್ಬ ಅಲ್ಲಾಡದೆ ನಿಂತಿದ್ದ. ಬಸ್ ನಿಲ್ದಾಣ ಯಾವ ಕಡೆ ಎಂದು ಕೇಳಿದರು. ಅವನು ಬಾಯಿ ತೆರೆಯಲಿಲ್ಲ. ನಿಧಾನವಾಗಿ ಕೈಯೆತ್ತಿ ಮಂಜಿನೊಳಗೆ ತೋರಿಸಿದ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ದೇವರ ಮುಂದೆ ತಟ್ಟುವ ಹಾಗೆ ಎರಡು ಸಲ ಚಪ್ಪಾಳೆ ತಟ್ಟಿ, ಸೊಂಟ ಬಗ್ಗಿಸಿ ವಂದಿಸಿ, ಚೀಲದಿಂದ ಕಿತ್ತಳೆಯೊಂದನ್ನು ತೆಗೆದು ಅವನ ಕಾಲ ಬಳಿ ಇಟ್ಟರು. ತೊಕುಜಿ ಮರ್ಯಾದೆಗೆ ತಾನೂ ಬಗ್ಗಿದ. ಅವರು ಓಟ ಕಿತ್ತರು.

ಹಣ್ಣನ್ನು ಏನು ಮಾಡಿದೆ ಎಂದು ಕುರ್ಚಿಯಲ್ಲಿ ಕೂತವರೆಲ್ಲ ಕೇಳುತ್ತಾರೆ. ಮೇಲೆ ತೆಗೆದುಕೊಂಡು ಹೋಗಿ ಬಂಡೆಯ ಮುಂದಿಟ್ಟೆ, ವಿಳಾಸ ತಪ್ಪಿ ಬಂದದ್ದು ಎಂದು ದೇವರಿಗೆ ಹೇಳಿದೆ ಎನ್ನುತ್ತಾನೆ ತೊಕುಜಿ, ಹೇಳಿ ಕತ್ತರಿ ಆಡಿಸುತ್ತಾನೆ. ಅರ್ಧ ದಾರಿಯಲ್ಲೇ ಸುಲಿದು ತಿಂದ, ಸಿಪ್ಪೆ ಉಡುಪಿನ ತೋಳಿನೊಳಗಿತ್ತು ಎಂದು ಒಳಗಿನಿಂದ ಇತ್ಸುಯೊ ಕೂಗಿ ಹೇಳುತ್ತಾಳೆ.